ಸೆಪ್ಟೆಂಬರ್ ಶಿಬಿರಕ್ಕೆ ಸಿಗದ ಮರಿಗಳು: ನಾಯಿ ಕಾಟದ ಚರ್ಚೆಯಲ್ಲಿ ಬಿಟ್ಟುಹೋದ ಲೆಕ್ಕ

2025ರ ಜೂನ್ ಕೊನೆಯಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಯುವ ಕಬಡ್ಡಿ ಆಟಗಾರನೊಬ್ಬ ರೇಬಿಸ್‌ನಿಂದ ತೀರಿಕೊಂಡ ಸುದ್ದಿ ದೇಶವಿಡೀ ಹರಿದಾಡಿತ್ತು. ಅವನನ್ನು ಕಚ್ಚಿದ್ದು ಅಟ್ಟಿಸಿಕೊಂಡು ಬಂದ ದೊಡ್ಡ ನಾಯಿಯಲ್ಲ. ಚರಂಡಿಗೆ ಬಿದ್ದಿದ್ದ ಮರಿಯನ್ನು ಮೇಲೆತ್ತುವಾಗ ಅದು ಬೆರಳು ಕಚ್ಚಿತ್ತು. ಸಣ್ಣ ಗಾಯ, ಏನೂ ಆಗ್ಲಿಕ್ಕಿಲ್ಲ ಅಂತ ಚುಚ್ಚುಮದ್ದು ಹಾಕಿಸಿಕೊಂಡಿರಲಿಲ್ಲ.

ಈ ಘಟನೆಯ ನಂತರ ನಾಯಿಗಳ ಬಗ್ಗೆ ದೇಶದಲ್ಲಿ ಬಹಳ ಚರ್ಚೆ ಆಯ್ತು. ಸುಪ್ರೀಂ ಕೋರ್ಟ್ ಆದೇಶಗಳು ಬಂದವು. ನಮ್ಮ ಜಿಲ್ಲೆಯಲ್ಲೂ ಕಾರವಾರದಿಂದ ಭಟ್ಕಳದವರೆಗೆ, ಶಿರಸಿಯಿಂದ ಹಳಿಯಾಳದವರೆಗೆ ಪೇಟೆಯಲ್ಲಿ ನಾಲ್ಕು ಜನ ಸೇರಿದರೆ ನಾಯಿ ಕಾಟದ ಮಾತು ಬಂದೇ ಬರ್ತದೆ. ಹಿಡೀಬೇಕು, ಸಾಗಿಸ್ಬೇಕು ಅನ್ನುವವರು ಒಂದು ಕಡೆ, ಪಾಪ ಬಿಡಿ ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರ ಕಣ್ಣು ಬೆಳೆದ ನಾಯಿಗಳ ಮೇಲೆಯೇ ಇದೆ. ಅಂಗಡಿ ಮೆಟ್ಟಿಲ ಕೆಳಗೆ ಹುಟ್ಟುವ ಮರಿಗಳ ಲೆಕ್ಕವನ್ನು ಯಾರೂ ಹಾಕ್ತಾ ಇಲ್ಲ. ಕಾಯಿಲೆ ಹಿಡಿತಕ್ಕೆ ಸಿಗದೇ ಇರೋದಕ್ಕೆ ದೊಡ್ಡ ಕಾರಣ ಅಲ್ಲೇ ಇದೆ.

ಕೋರ್ಟ್ ಹೇಳಿದ್ದೇನು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠ ದೆಹಲಿ ಸುತ್ತಮುತ್ತಲ ಬೀದಿ ನಾಯಿಗಳನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸಾಗಿಸಿ ಎಂದಿತು. ಹನ್ನೊಂದೇ ದಿನದಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಜಂತುಹುಳು ಔಷಧ ಕೊಟ್ಟು, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬಿಸ್ ಇರುವ ಅಥವಾ ಶಂಕೆಯ ನಾಯಿ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡುವಂತಿಲ್ಲ. ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ವಾಪಸ್ ಅಲ್ಲಿಗೇ ಬಿಡಬಾರದು.

ಸಂತಾನಹರಣ, ಲಸಿಕೆ, ಜಂತುಹುಳು ಔಷಧ ಎಂಬ ಮೂರು ಕೆಲಸ ಹೊಸದಾಗಿ ಹುಟ್ಟಿದ್ದಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೇ ಇವೆ. ಸಾಕುನಾಯಿಗೆ ಇವನ್ನು ಮಾಡಿಸೋದು ಮಾಲೀಕರ ಹೊಣೆ. ಬೀದಿ ನಾಯಿಯದ್ದು ಸ್ಥಳೀಯ ಸಂಸ್ಥೆಯ ಹೊಣೆ. ಅಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ.

ಇಲ್ಲಿ ಸಣ್ಣ ಊರುಗಳಿಗೆ ಒಂದು ತೊಡಕು ಇದೆ. ಶಸ್ತ್ರಚಿಕಿತ್ಸೆಗೆ ಕೊಠಡಿ ಬೇಕು, ನಾಯಿಗಳನ್ನು ಕೆಲವು ದಿನ ಇಡಲಿಕ್ಕೆ ಗೂಡು ಬೇಕು, ತರಬೇತಿ ಇರುವ ವೈದ್ಯರು ಬೇಕು, ಮಂಡಳಿಯ ಮಾನ್ಯತೆ ಬೇಕು. ಪ್ರತಿ ತಾಲೂಕಿನಲ್ಲಿ ಇದು ಇವತ್ತೋ ನಾಳೆಯೋ ಆಗುವ ಮಾತಲ್ಲ. ಹಾಗಾಗಿ "ಕೇಂದ್ರ ಆಗ್ಲಿ, ಆಮೇಲೆ ನೋಡುವಾ" ಅಂತ ಮೂರೂ ಕೆಲಸ ಒಟ್ಟಿಗೆ ನಿಂತುಬಿಡ್ತದೆ. ಆದರೆ ಲಸಿಕೆಗೆ ಮತ್ತು ಜಂತುಹುಳು ಮದ್ದಿಗೆ ಯಾವ ಕಟ್ಟಡವೂ ಬೇಡ. ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ, ಸಿರಿಂಜು, ನಾಯಿ ಹಿಡಿಯಲು ಬಲೆ, ಚುಚ್ಚಲು ಪಶುವೈದ್ಯರು, ಜೊತೆಗೆ ಆ ಓಣಿಯ ನಾಯಿಗಳ ಪರಿಚಯ ಇರುವ ಒಬ್ಬರು. ಇಷ್ಟು ಸಾಕು.

ಶೇ 70ರ ಲೆಕ್ಕ ಎಲ್ಲಿ ತಪ್ಪುತ್ತದೆ?

2021ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಯೋಜನೆ ಪ್ರಕಟಿಸಿತು. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಇಲ್ಲವಾಗಿಸುವುದು ಅದರ ಗುರಿ. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ವರ್ಷ ವರ್ಷ ಬಿಡದೆ ಲಸಿಕೆ ಹಾಕಿದರೆ ವೈರಸ್‌ಗೆ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗುವುದಿಲ್ಲ ಅನ್ನೋದು ಇದರ ಹಿಂದಿನ ತತ್ವ.

ಸುಲಭಕ್ಕೆ ಒಂದು ಪೇಟೆಯಲ್ಲಿ 100 ನಾಯಿ ಇವೆ ಎಂದುಕೊಳ್ಳಿ. ಶಿಬಿರ ಮಾಡಿ 75ಕ್ಕೆ ಲಸಿಕೆ ಹಾಕಿದರು. ಗುರಿ ದಾಟಿತು, ಫೋಟೊ ಬಂತು. ಮುಂದಿನ ಶಿಬಿರದ ಹೊತ್ತಿಗೆ ಲಸಿಕೆ ಆದ 75ರಲ್ಲಿ 20 ಸತ್ತರೆ ಉಳಿಯೋದು 55. ಲಸಿಕೆ ಆಗದ 25ರಲ್ಲಿ 7 ಸತ್ತರೆ 18. ಆ ಮಧ್ಯೆ ಹುಟ್ಟಿ ಬದುಕಿದ ಮರಿ 27. ಒಟ್ಟು ಮತ್ತೆ 100. ಆದರೆ ಲಸಿಕೆ ಇರುವವು 55 ಮಾತ್ರ. ಯಾರೂ ತಪ್ಪು ಮಾಡದೇ ಲೆಕ್ಕ ಶೇ 75ರಿಂದ 55ಕ್ಕೆ ಇಳಿಯಿತು. ಇದು ಬರೀ ಉದಾಹರಣೆ, ಆದರೆ ಎಲ್ಲಾ ಊರಲ್ಲೂ ಆಗೋದು ಹೀಗೇ.

ಬೀದಿಯಲ್ಲಿ ನಾಯಿಗಳ ತಲೆಮಾರು ಎಷ್ಟು ಬೇಗ ಬದಲಾಗ್ತದೆ ಅನ್ನೋದಕ್ಕೆ ಕೋಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬಹುದು. ಐದು ವರ್ಷ 95 ಹೆರಿಗೆಗಳ 364 ಮರಿಗಳನ್ನು ಅವರು ಗಮನಿಸಿದರು. ಮರಿ ಹಾಕುವ ವಯಸ್ಸಿನವರೆಗೆ ಉಳಿದದ್ದು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರ ಹಿಂದೆ ಒಂದಲ್ಲ ಒಂದು ರೀತಿ ಮನುಷ್ಯರ ಪಾತ್ರ ಇತ್ತು. ಇಷ್ಟು ಸತ್ತರೂ ನಾಯಿ ಸಂಖ್ಯೆ ಕಮ್ಮಿ ಆಗಿಲ್ಲ. ತಿನ್ನಲು ಸಿಗುವವರೆಗೆ ಜಾಗ ತುಂಬಲು ಹೊಸ ಮರಿ ಬರ್ತಾನೇ ಇರ್ತದೆ.

ಕಾರ್ತಿಕ ಮತ್ತು ಕ್ಯಾಲೆಂಡರ್

ಇನ್ನು ಸಮಯದ ವಿಚಾರ. ಉಚಿತ ರೇಬಿಸ್ ಲಸಿಕೆ ಶಿಬಿರಗಳು ಹೆಚ್ಚಾಗಿ ನಡೆಯೋದು ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸು. ಕೆಲವು ಕಡೆ ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನದಂದು. ಜುಲೈ ಅಂದರೆ ನಮ್ಮಲ್ಲಿ ಸುರಿಯುವ ಮಳೆ. ಆ ಮಳೆಯಲ್ಲಿ ಬೀದಿ ನಾಯಿ ಯಾರ ಕೈಗೂ ಸಿಗುವುದಿಲ್ಲ.

ಸೆಪ್ಟೆಂಬರ್ ಒಳ್ಳೆ ತಿಂಗಳೇ. ಆದರೆ "ಕಾರ್ತಿಕದ ನಾಯಿ" ಎಂಬ ಮಾತು ನಮ್ಮಲ್ಲಿ ಸುಮ್ಮನೆ ಬಂದದ್ದಲ್ಲ. ಬೀದಿ ನಾಯಿಗಳು ವರ್ಷದ ಬೇರೆ ದಿನಗಳಲ್ಲೂ ಮರಿ ಹಾಕ್ತವೆ, ನಿಜ. ಆದರೂ ಹೆಚ್ಚಿನವು ಕೂಡುವುದು ಮಳೆಗಾಲ ಮುಗಿಯುವ ಹೊತ್ತಿನಿಂದ ಕಾರ್ತಿಕದ ತನಕ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಮರಿಗಳು ಹುಟ್ಟುವುದು ಚಳಿಗಾಲದಲ್ಲಿ. ಸೆಪ್ಟೆಂಬರ್ ಶಿಬಿರದಲ್ಲಿ ಆ ಮರಿಗಳು ಹುಟ್ಟಿಯೇ ಇರುವುದಿಲ್ಲ. ಮೂರು ತಿಂಗಳು ತುಂಬಿ ಓಡಾಡುವ ಹೊತ್ತಿಗೆ ಫೆಬ್ರುವರಿ, ಮಾರ್ಚ್, ಏಪ್ರಿಲ್ ಬರ್ತದೆ. ಆಗ ಶಾಲೆಗೆ ರಜೆ. ಮಕ್ಕಳು ಮರಿಗಳ ಜೊತೆ ಆಡುವ ಕಾಲ. ಮುಂದಿನ ಶಿಬಿರಕ್ಕೆ ಇನ್ನೂ ಐದಾರು ತಿಂಗಳು.

ಜಗತ್ತಿನಲ್ಲಿ ರೇಬಿಸ್‌ಗೆ ಬಲಿಯಾಗುವವರಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿಗೆ ರೇಬಿಸ್ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ರೇಬಿಸ್ ಇರುವ ನಾಯಿ ಕಚ್ಚಿದರೆ ಮರಿಗೂ ಬರ್ತದೆ. ಅದಕ್ಕೇ ಸಾಮೂಹಿಕ ಶಿಬಿರಗಳಲ್ಲಿ ಮೂರು ತಿಂಗಳೊಳಗಿನ ಮರಿಗಳನ್ನೂ ಬಿಡದೆ ಲಸಿಕೆ ಹಾಕಿ ಎಂದು ಇದೇ ಸಂಸ್ಥೆಯ ತಜ್ಞರು ಹೇಳಿದ್ದಾರೆ. ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆಗೆ ಆರು ತಿಂಗಳೊಳಗಿನ ಮರಿಗಳನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹೀಗೆ ಸೆಪ್ಟೆಂಬರ್ ಶಿಬಿರಕ್ಕೂ ಇಲ್ಲ, ಸಂತಾನಹರಣದ ಗಾಡಿಗೂ ಇಲ್ಲ ಎಂಬ ಸ್ಥಿತಿಯಲ್ಲಿ ಮರಿ ಉಳಿದುಹೋಗ್ತದೆ. ಫೆಬ್ರುವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಮರಿಗಳಿಗಾಗಿಯೇ ಎರಡನೇ ಸುತ್ತು ಇಟ್ಟರೆ ಈ ಕಂದಕ ಮುಚ್ಚಬಹುದು. ಕೈಗೆ ಸುಲಭವಾಗಿ ಸಿಗುವುದೂ ಮರಿಗಳೇ.

ಮಾಜಾಳಿ ಆಚೆ ಏನಾಯ್ತು?

ದೂರದ ಉದಾಹರಣೆ ಬೇಕಿಲ್ಲ. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾ. ಅಲ್ಲಿ ಸರ್ಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆ ಸೇರಿ ಸುಮಾರು ಹತ್ತು ವರ್ಷದ ಹಿಂದೆ ಮನೆ ಮನೆ, ಓಣಿ ಓಣಿ ಲಸಿಕೆ ಶುರು ಮಾಡಿದರು. ಸಾಕಿದ ನಾಯಿಗೆ ಕೈಯಲ್ಲಿ ಹಿಡಿದು, ಬೀದಿಯದ್ದಕ್ಕೆ ಬಲೆ ಹಾಕಿ ಲಸಿಕೆ. ಲಸಿಕೆ ಆದ ನಾಯಿಗೆ ಬಣ್ಣದ ಗುರುತು, ಎಲ್ಲಿ ಯಾವ ನಾಯಿಗೆ ಆಯ್ತು ಅನ್ನೋದು ಮೊಬೈಲ್ ಆಪ್‌ನಲ್ಲಿ ದಾಖಲು. ವರ್ಷಕ್ಕೆ ಸುಮಾರು 95 ಸಾವಿರ ನಾಯಿಗಳಿಗೆ ಲಸಿಕೆ ತಲುಪಿತು. ಶಾಲೆಗಳಲ್ಲಿ ಪಾಠ, ಶಂಕಿತ ನಾಯಿ ಕಂಡರೆ ಕರೆ ಮಾಡಲು ಸಹಾಯವಾಣಿ.

ಪರಿಣಾಮವಾಗಿ 2018ರ ಹೊತ್ತಿಗೆ ಮನುಷ್ಯರ ರೇಬಿಸ್ ಸಾವು ಸೊನ್ನೆಗೆ ಇಳಿಯಿತು. ನಾಯಿಗಳಲ್ಲಿ ರೇಬಿಸ್ ಶೇ 92ರಷ್ಟು ಇಳಿದಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2021ರಲ್ಲಿ ಗೋವಾ ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಣೆ ಆಯ್ತು. ಅಲ್ಲೂ ಬೀದಿಯಲ್ಲಿ ನಾಯಿಗಳು ಇವೆ, ಕಚ್ಚುವುದೂ ಇದೆ. ವ್ಯತ್ಯಾಸ ಏನೆಂದರೆ ಕಚ್ಚಿದ ನಾಯಿಗೆ ರೇಬಿಸ್ ಇರುವ ಸಾಧ್ಯತೆ ಬಹಳ ಕಮ್ಮಿ ಆಗಿದೆ. ಗಡಿಗೆ ಅಂಟಿಕೊಂಡಿರುವ ಕಾರವಾರ, ಜೋಯಿಡಾ ತಾಲೂಕುಗಳಿಗೆ ಇದು ಬರೀ ಪಾಠವಲ್ಲ. ನಾಯಿಗೆ ರಾಜ್ಯದ ಗಡಿ ಗೊತ್ತಿಲ್ಲ. ಈಚೆ ಕೆಲಸ ಆಗದಿದ್ದರೆ ಆಚೆಯ ಕೆಲಸವೂ ಅರ್ಧ.

ಮರಿ ಸಾಯುವುದು ಹೆಚ್ಚಾಗಿ ಬೇರೆ ಕಾಯಿಲೆಗೆ

ರೇಬಿಸ್ ಮನುಷ್ಯರಿಗೆ ದೊಡ್ಡ ಭಯ. ಆದರೆ ಮನೆಗೆ ತಂದ ಮರಿ ಹದಿನೈದು ದಿನಕ್ಕೆ ಸತ್ತು ಹೋಯ್ತು ಅನ್ನುವವರ ಮನೆಯಲ್ಲಿ ಹೆಚ್ಚಾಗಿ ನಡೆದಿರೋದು ಪಾರ್ವೊ. ಒಂದೂವರೆ ತಿಂಗಳಿಂದ ಆರು ತಿಂಗಳ ಮರಿಗೆ ಇದರ ಅಪಾಯ ಜಾಸ್ತಿ. ತಿನ್ನೋದು ಬಿಡ್ತದೆ, ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ. ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲ. ಡ್ರಿಪ್ ಹಾಕಿ ನೀರಿನಂಶ ಕಾಪಾಡುತ್ತಾ ಮರಿ ತಾನಾಗಿ ಗೆಲ್ಲುವವರೆಗೆ ಆಸರೆ ಕೊಡಬೇಕು. ತಡ ಆದಷ್ಟೂ ಉಳಿಯುವುದು ಕಷ್ಟ. ಲಸಿಕೆಗೆ ಕೆಲವು ನೂರು ರೂಪಾಯಿ, ಚಿಕಿತ್ಸೆಗೆ ಸಾವಿರಗಟ್ಟಲೆ.

ಈ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರ್ತದೆ. ಸಾಮಾನ್ಯ ಫಿನಾಯಿಲ್ ನಂಬಿ ಕೂರುವಂತಿಲ್ಲ, ಬ್ಲೀಚ್ ದ್ರಾವಣ ಬೇಕು. ಮರಿ ಸತ್ತ ಅಂಗಳಕ್ಕೆ ತಿಂಗಳೊಳಗೆ ಲಸಿಕೆ ಆಗದ ಇನ್ನೊಂದು ಮರಿ ತಂದರೆ ಅದೇ ಕಥೆ ಮತ್ತೆ ಆಗ್ತದೆ.

ಡಿಸ್ಟೆಂಪರ್ ಇನ್ನೊಂದು. ಕಣ್ಣು ಮೂಗಲ್ಲಿ ಗೀಜು, ಜ್ವರ, ಆಮೇಲೆ ಮೈ ಅದುರುವುದು, ಫಿಟ್ಸ್. ಬದುಕಿದರೂ ನರದ ತೊಂದರೆ ಉಳಿಯಬಹುದು. ಈ ಕಾಯಿಲೆ ಕಾಡಿಗೂ ದಾಟ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಇದೇ ವೈರಸ್ ತಗುಲಿದ್ದು ಪತ್ತೆ ಆಗಿತ್ತು. ದಾಂಡೇಲಿ, ಜೋಯಿಡಾದ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಊರುಗಳಲ್ಲಿ ನಾಯಿಗೆ ಲಸಿಕೆ ಹಾಕಿಸೋದು ಆ ಮನೆಯ ವಿಷಯ ಮಾತ್ರ ಅಲ್ಲ. ಚಿರತೆ ಅಂಗಳದಿಂದಲೇ ನಾಯಿ ಹೊತ್ತೊಯ್ಯುವ ಜಿಲ್ಲೆ ಇದು.

ಮನೆ ಮರಿಗೆ ಸಾಮಾನ್ಯ ಕ್ರಮ ಹೀಗಿದೆ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಸೇರಿದ ಮೊದಲ ಲಸಿಕೆ. ನಂತರ ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬಿಸ್. ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. "ಒಂದು ಇಂಜೆಕ್ಷನ್ ಆಗಿದೆ ಅಲ್ವಾ" ಅಂತ ನಿಲ್ಲಿಸುವವರೇ ಹೆಚ್ಚು. ತಾಯಿ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ಕೆಲಸ ಮಾಡಲಿಕ್ಕೆ ಬಿಡದೇ ಇರಬಹುದು. ಅದು ಇಳಿಯುವ ದಿನ ಮರಿಯಿಂದ ಮರಿಗೆ ಬೇರೆ. ಹಾಗಾಗಿಯೇ ಲಸಿಕೆ ಮತ್ತೆ ಮತ್ತೆ ಬೇಕು. ಸುತ್ತು ಮುಗಿಯುವ ತನಕ ಮರಿಯನ್ನು ಪೇಟೆ ಬೀದಿಗೆ, ಪರಿಚಯ ಇಲ್ಲದ ನಾಯಿಗಳ ಹತ್ತಿರಕ್ಕೆ ಬಿಡದಿರೋದು ಒಳ್ಳೇದು.

ಜಂತುಹುಳು, ಉಣುಗು, ಇಲಿ

ಮರಿಯ ಹೊಟ್ಟೆ ಗುಂಡಗಿದ್ದರೆ ಚೆನ್ನಾಗಿ ತಿಂದಿದೆ ಅಂದ್ಕೊಳ್ತಾರೆ. ಬಹಳ ಸಲ ಅದು ಹುಳ. ದುಂಡುಹುಳ ತಾಯಿ ಹೊಟ್ಟೆಯಲ್ಲಿರುವಾಗಲೇ ಮರಿಗೆ ಬರ್ತದೆ, ಕೊಕ್ಕೆಹುಳ ಹಾಲಿನ ಮೂಲಕ. ಕೊಕ್ಕೆಹುಳ ರಕ್ತ ಹೀರುವ ಕಾರಣ ವಸಡು ಬೆಳ್ಳಗಾಗಿ ಮರಿ ಸತ್ತೇ ಹೋಗಬಹುದು. ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ ಮೂರು ತಿಂಗಳವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ ಔಷಧ. ಪ್ರಮಾಣ ತೂಕದ ಮೇಲೆ, ಹಾಗಾಗಿ ತೂಕ ಹಾಕಿಸಿಯೇ ಕೊಡಬೇಕು.

ಇದು ಮನುಷ್ಯರಿಗೂ ಸಂಬಂಧಪಟ್ಟದ್ದು. ಕೊಕ್ಕೆಹುಳದ ಮರಿಗಳು ಮಣ್ಣು, ಮರಳಿನಿಂದ ಬರಿಗಾಲಿನ ಚರ್ಮ ಹೊಕ್ಕು ಹಾವಿನಂತೆ ಗೆರೆ ಎಳೆಯುವ ತುರಿಕೆ ತರ್ತವೆ. ದುಂಡುಹುಳದ ಮೊಟ್ಟೆ ಮಕ್ಕಳ ಬಾಯಿಗೆ ಹೋದರೆ ಕೆಲವೊಮ್ಮೆ ಕಣ್ಣಿಗೇ ಏಟು. ಗೋಕರ್ಣ, ಮುರ್ಡೇಶ್ವರದಂಥ ಕಡಲತೀರದ ಮರಳಾಗಲಿ, ಅಡಿಕೆ ತೋಟದ ತೇವದ ಮಣ್ಣಾಗಲಿ, ನಾಯಿ ಮಲ ಬಿದ್ದಲ್ಲಿ ಈ ಅಪಾಯ ಇದೆ.

ಉಣುಗಿನ ವಿಚಾರದಲ್ಲಿ ಹೆಚ್ಚಿನವರು ನಾಯಿ ಮೈ ಮಾತ್ರ ನೋಡ್ತಾರೆ. ನಾಯಿಯ ಕಂದು ಉಣುಗು ರಕ್ತ ಕುಡಿದು ಕೆಳಗೆ ಬಿದ್ದು ಮೊಟ್ಟೆ ಇಡೋದು ಗೋಡೆ ಸಂದಿಯಲ್ಲಿ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡ್ತದೆ. ಗಿಲಾಯಿ ಇಲ್ಲದ ಚಿರೇಕಲ್ಲಿನ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿಗೆ ಮದ್ದು ಹಾಕಿ ಗೂಡು, ಗೋಡೆ ಬಿಟ್ಟರೆ ಮೂರು ವಾರಕ್ಕೆ ಮತ್ತೆ ಉಣುಗು. ಇದು ತರುವ ರಕ್ತದ ಕಾಯಿಲೆಗಳಲ್ಲಿ ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು, ಮೂತ್ರ ಕಪ್ಪಾಗುವುದು ಕಂಡುಬರ್ತದೆ. ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಮದ್ದು ಇದೆ.

ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್, ಹೊಲದ ಕೀಟನಾಶಕ ಬಳಿಯುವ ಪದ್ಧತಿ ಇನ್ನೂ ಇದೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗ್ತದೆ. ನಾಯಿಯ ಕೆಲವು ಉಣುಗಿನ ಮದ್ದಿನಲ್ಲಿ ಇರುವ ಪರ್ಮೆತ್ರಿನ್ ಬೆಕ್ಕಿಗೆ ಪ್ರಾಣಾಪಾಯ. ಎರಡೂ ಇರುವ ಮನೆಯವರು ವೈದ್ಯರಿಗೆ ಮೊದಲೇ ಹೇಳ್ಬೇಕು. ಸಿದ್ದಾಪುರ, ಹೊನ್ನಾವರ ಕಡೆ ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗ್ತದೆ. ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಯ ಕಂದು ಉಣುಗು ಬೇರೆ. ಆದರೂ ಕಾಡಂಚಿಗೆ ಹೋಗಿಬರುವ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಹುದು. ಬರಿಗೈಯಲ್ಲಿ ಕಿತ್ತು ಚಿವುಟುವುದು ಬೇಡ.

ಮಳೆಗಾಲದಲ್ಲಿ ಇಲಿಜ್ವರ ಸೇರಿಕೊಳ್ತದೆ. ಇಲಿ ಮೂತ್ರ ಬೆರೆತ ನೀರಿನಿಂದ ನಾಯಿಗೆ, ಅದರ ಮೂತ್ರದಿಂದ ಮನುಷ್ಯರಿಗೆ ಬರಬಹುದು. ಮರಿಗಳಿಗೆ ಕೊಡುವ ಕೂಡು ಲಸಿಕೆಗಳಲ್ಲಿ ಹಲವು ಇದನ್ನೂ ಒಳಗೊಂಡಿರ್ತವೆ. ದಿನಸಿ ಅಂಗಡಿ, ಗೋದಾಮು ಇರುವವರು ನಾಯಿ ಸಾಕಿದ್ದರೆ ಇದನ್ನು ಕೇಳಿ ಹಾಕಿಸುವುದು ಲೇಸು.

ಅಂಗಡಿಕಾರರ ಸಿಟ್ಟು, ಅಂಗಡಿಕಾರರ ಕೈ

ಗಿರಾಕಿ ಹೆದರ್ತಾರೆ, ಬೆಳಿಗ್ಗೆ ಶಟರ್ ಎತ್ತಿದರೆ ಗಲೀಜು, ಬೈಕಿಗೆ ಅಡ್ಡ ಬರ್ತವೆ ಎನ್ನುವ ವ್ಯಾಪಾರಿಗಳ ದೂರು ನಿಜವಾದದ್ದೇ. ಬೀದಿ ನಾಯಿಗೆ ನಾವ್ಯಾಕೆ ದುಡ್ಡು ಹಾಕ್ಬೇಕು ಎಂಬ ಪ್ರಶ್ನೆಯೂ ಸರಿ, ಕಾನೂನು ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಕೆಲಸ. ಆದರೆ ಎತ್ತಿ ಊರಾಚೆ ಬಿಟ್ಟರೆ ಏನಾಗ್ತದೆ ಅನ್ನೋದನ್ನೂ ನೋಡ್ಬೇಕು. ಕೋಳಿ ಅಂಗಡಿ, ಮೀನು ಮಾರ್ಕೆಟ್, ಹೋಟೆಲ್ ಹಿಂದೆ ಬೀಳುವ ತಿನಿಸು ಇರುವವರೆಗೆ ಖಾಲಿ ಜಾಗಕ್ಕೆ ಬೇರೆ ಕಡೆಯ ನಾಯಿ ಬರ್ತದೆ, ಲಸಿಕೆ ಆಗದೇ ಇದ್ದದ್ದು. ನವೆಂಬರ್ ಆದೇಶದಂತೆ ಬಸ್ ನಿಲ್ದಾಣ, ಆಸ್ಪತ್ರೆಯಿಂದ ತೆಗೆದ ನಾಯಿಗಳನ್ನು ಒಂದೇ ಕಡೆ ತುಂಬುವಾಗಲೂ ಎಚ್ಚರ ಬೇಕು. ಲಸಿಕೆ ಇಲ್ಲದ ಮರಿಗಳನ್ನು ಒಟ್ಟಿಗೆ ಕೂಡಿದರೆ ಪಾರ್ವೊ, ಡಿಸ್ಟೆಂಪರ್ ಒಂದೇ ವಾರದಲ್ಲಿ ಎಲ್ಲಕ್ಕೂ ಹರಡಬಹುದು. ಒಳಗೆ ಬಿಡುವ ಮೊದಲೇ ಲಸಿಕೆ, ಮರಿಗಳಿಗೆ ಪ್ರತ್ಯೇಕ ಜಾಗ ಇರಲೇಬೇಕು.

ವ್ಯಾಪಾರಿಗಳ ಹತ್ತಿರ ಇರುವ ದೊಡ್ಡ ಶಕ್ತಿ ಮಾಹಿತಿ. ಯಾವ ಮೆಟ್ಟಿಲ ಕೆಳಗೆ ಎಷ್ಟು ಮರಿ ಹುಟ್ಟಿವೆ, ಯಾವ ನಾಯಿ ಬಿಸ್ಕತ್ತಿಗೆ ಹತ್ತಿರ ಬರ್ತದೆ ಅನ್ನೋದು ಪಂಚಾಯಿತಿಯ ಯಾವ ಕಡತದಲ್ಲೂ ಇಲ್ಲ, ಅಂಗಡಿಯವರಿಗೆ ಗೊತ್ತು. ಜನವರಿಯಲ್ಲಿ ಆ ಪಟ್ಟಿ ಮಾಡಿ ವರ್ತಕರ ಸಂಘದ ಮೂಲಕ ಸ್ಥಳೀಯ ಸಂಸ್ಥೆಗೆ ಮತ್ತು ಪಶು ಆಸ್ಪತ್ರೆಗೆ ಬರಹದಲ್ಲಿ ಕೊಟ್ಟರೆ ಮಾರ್ಚ್ ಸುತ್ತು ಕೇಳಲು ಆಧಾರ ಸಿಗ್ತದೆ. ತಾಲೂಕಿನ ಪಶುವೈದ್ಯರ ಹೆಚ್ಚಿನ ಸಮಯ ದನಕರುಗಳಿಗೆ ಹೋಗ್ತದೆ, ಹಾಗಾಗಿ ದಿನ ನಿಗದಿ ಮಾಡಿ, ನಾಯಿ ಹಿಡಿದುಕೊಡುವವರನ್ನು ಒದಗಿಸುವುದು ಮುಖ್ಯ. ಜೊತೆಗೆ ಕೋಳಿ, ಮೀನಿನ ತ್ಯಾಜ್ಯ ಮುಚ್ಚಿದ ಡಬ್ಬಿಗೆ ಹೋಗ್ಬೇಕು.

ಕಚ್ಚಿದರೆ

ಮರಿ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಮೆಣಸಿನ ಪುಡಿ, ಕಾಫಿ ಪುಡಿ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಬೇಕು. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗ್ತದೆ, ಕೇಳಿ ಹಾಕಿಸಿಕೊಳ್ಳಿ. ನಾಯಿಯನ್ನು ಹತ್ತು ದಿನ ಗಮನಿಸಬೇಕು ನಿಜ, ಆದರೆ ಹತ್ತು ದಿನ ನೋಡಿ ಆಮೇಲೆ ಚುಚ್ಚುಮದ್ದು ಎಂದು ಕಾಯುವಂತಿಲ್ಲ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

2030ಕ್ಕೆ ಇರುವ ಸೆಪ್ಟೆಂಬರ್‌ಗಳು ಬೆರಳೆಣಿಕೆಯಷ್ಟು. ಪ್ರತಿ ವರ್ಷ ಚಳಿಗಾಲದ ಮರಿಗಳನ್ನು ಬಿಟ್ಟು ಶಿಬಿರ ಮಾಡಿದರೆ ಲೆಕ್ಕ ಪ್ರತಿ ವರ್ಷವೂ ಹಿಂದಕ್ಕೇ ಹೋಗ್ತದೆ. ಬಜೆಟ್ ಸಭೆಗಳು ನಡೆಯುವ ಹೊತ್ತಿಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾರ್ಚ್‌ನಲ್ಲಿ ಮರಿಗಳ ಸುತ್ತಿಗೆ ಎಷ್ಟು ಡೋಸ್ ಇಟ್ಟಿದ್ದೀರಿ?